ಕನ್ನಡ ಅಕ್ಷರದಲ್ಲಿ ಬರೆದ ಡಚ್

ನನ್ನ ಗಂಡ ತೀರಿಕೊಂಡದ್ದು ಒಂದು ಭಾನುವಾರ ಬೆಳಿಗ್ಗೆ. ಸಿಡ್ನಿಯ ಕ್ವೇಕರ್ಸ್ ಹಿಲ್‌ನ ನಮ್ಮ ಮನೆಯ ಮುಂದೆ ಕಾರು ತೊಳೆಯುತ್ತಿದ್ದವರು ನಿಂತಲ್ಲೇ ಕುಸಿದರು. ಸದ್ದು ಕೇಳಿ ನಾನು ಹೊರಗೆ ಬಂದಾಗ, ಕೈಯಿಂದ ಜಾರಿದ ಪೈಪು ಅವರ ಪಕ್ಕದಲ್ಲೇ ನೀರು ಚೆಲ್ಲುತ್ತ ಬಿದ್ದಿತ್ತು. ನಾನು ಮೊದಲು ಹೋಗಿ ನಲ್ಲಿ ನಿಲ್ಲಿಸಿದೆ. ಆಮೇಲೆ ಅವರ ಹತ್ತಿರ ಹೋದೆ. ಯಾಕೆ ಹಾಗೆ ಮಾಡಿದೆನೋ ಇವತ್ತಿಗೂ ಗೊತ್ತಿಲ್ಲ.

ಮುಂದಿನ ವಾರಗಳಲ್ಲಿ ಡಬ್ಬಿಗಳಲ್ಲಿ ಊಟ ತಂದ ಆಂಟಿಯರೆಲ್ಲ, "ಒಂದ್ಸಲ ಅತ್ತುಬಿಡಿ, ಹಗುರ ಆಗತ್ತೆ" ಎಂದರು. ನಾನು ತಲೆಯಾಡಿಸಿದೆ. ಡಬ್ಬಿಗಳನ್ನು ತೊಳೆದು, ಒರೆಸಿ, ಯಾರದ್ದು ಯಾವುದು ಎಂದು ಚೀಟಿ ಅಂಟಿಸಿ ವಾಪಸು ಕೊಟ್ಟೆ.

ನಾವಿಬ್ಬರೂ ಉಡುಪಿ ಕಡೆಯವರು. ನಮ್ಮಿಬ್ಬರ ನಡುವೆ ತುಳು, ಮಗಳ ಜೊತೆ ಕನ್ನಡ. ಇಲ್ಲಿನ ಸ್ನೇಹಿತರ ಮಕ್ಕಳಿಗೆಲ್ಲ ಕನ್ನಡ ಬರುತ್ತಿದ್ದುದರಿಂದ ಅವಳಿಗೂ ಅದಿರಲಿ ಎಂದುಕೊಂಡಿದ್ದೆವು. ತುಳು ನಮ್ಮ ಗುಟ್ಟಿನ ಭಾಷೆಯಾಯಿತು: ಅವಳ ಹುಟ್ಟುಹಬ್ಬಕ್ಕೆ ಏನು ತರಬೇಕು, ಮಾರ್ಟ್‌ಗೇಜ್ ಬಗ್ಗೆ ಬ್ಯಾಂಕಿನವನು ಏನೆಂದ, ಇಂಥದ್ದಕ್ಕೆ. ಗಂಡ ಹೋದ ಮೇಲೆ ಮನೆಯಲ್ಲಿ ಗುಟ್ಟು ಹೇಳಲು ಯಾರೂ ಇರಲಿಲ್ಲ. ಊರಿನಿಂದ ಅಕ್ಕ ಫೋನು ಮಾಡಿದರೆ ಎರಡು ಮಾತಾಡಿ ಇಟ್ಟುಬಿಡುತ್ತಿದ್ದೆ.

ಆರು ತಿಂಗಳ ನಂತರ ನಾನು ಪ್ಯಾರಮಟ್ಟಾದ ಒಂದು ಕೇರ್ ಹೋಮ್‌ನಲ್ಲಿ ಕೆಲಸಕ್ಕೆ ಸೇರಿದೆ. ಊರಿನಲ್ಲಿ ಪ್ರಾಥಮಿಕ ಶಾಲೆಯ ಟೀಚರ್ ಆಗಿದ್ದವಳು ಇಲ್ಲಿ ವಯಸ್ಸಾದವರಿಗೆ ಸ್ನಾನ ಮಾಡಿಸುವುದು, ಬಟ್ಟೆ ಹಾಕುವುದು, ಊಟ ಮಾಡಿಸುವುದನ್ನು ಕಲಿತೆ. ಹಗಲಿನ ಶಿಫ್ಟ್. ಹೆಚ್ಚು ಮಾತು ಬೇಡದ ಕೆಲಸ. ನನಗೆ ಅದೇ ಬೇಕಿತ್ತು.

"ನಿನ್ನ ಮಾತು ಕಡಿಮೆ," ಎಂದಳು ಸೂಪರ್‌ವೈಸರ್ ಒಂದು ದಿನ. "ಮೂಲೆ ಕೋಣೆಯ ಅಜ್ಜಿಯನ್ನ ನೀನೇ ನೋಡ್ಕೋ. ಅವಳ ಹತ್ರ ಮಾತಾಡಿ ಪ್ರಯೋಜನ ಇಲ್ಲ."

ಅಜ್ಜಿಗೆ ತೊಂಬತ್ತು ದಾಟಿತ್ತು. ಹಾಲೆಂಡಿನವಳು. ಮಹಾಯುದ್ಧ ಮುಗಿದ ಮೇಲೆ, ಹೊಸದಾಗಿ ಮದುವೆಯಾಗಿ, ಬಡಗಿ ಗಂಡನ ಜೊತೆ ಹಡಗಿನಲ್ಲಿ ಸಿಡ್ನಿಗೆ ಬಂದಿಳಿದವಳು. ಅರವತ್ತು ವರ್ಷಕ್ಕೂ ಮೇಲೆ ಇಂಗ್ಲಿಷಿನಲ್ಲೇ ಬದುಕಿದ್ದಳಂತೆ. ಎರಡು ವರ್ಷದ ಹಿಂದೆ ಸ್ಟ್ರೋಕ್ ಆಯಿತು. ಎಚ್ಚರವಾದಾಗ ಇಂಗ್ಲಿಷ್ ಪೂರ್ತಿ ಹೋಗಿ ಹುಟ್ಟಿದ ಭಾಷೆ ಮಾತ್ರ ಉಳಿದಿತ್ತು. ಅದೂ ತೊದಲು. ಫೋನಿನ ಅನುವಾದದ ಆ್ಯಪ್ ಹಿಡಿದರೆ ಅದು ಹಂದಿ, ಸೇತುವೆ, ಬುಧವಾರ ಎಂದು ಏನೇನೋ ತೋರಿಸುತ್ತಿತ್ತು. ದುಭಾಷಿಯನ್ನು ಫೋನಿನಲ್ಲಿ ಕರೆಸಿದಾಗ ಅಜ್ಜಿ ಫೋನನ್ನು ದಿಂಬಿನ ಕೆಳಗೆ ತುರುಕಿದಳು.

ಡಚ್ಚರು ಎಂದರೆ ನನಗೆ ಸಮಾಜ ಪಾಠದ ಒಂದು ಸಾಲು. ಪೋರ್ಚುಗೀಸರು, ಡಚ್ಚರು, ಫ್ರೆಂಚರು, ಇಂಗ್ಲಿಷರು ಎಂದು ಮಕ್ಕಳಿಗೆ ಬಾಯಿಪಾಠ ಮಾಡಿಸಿದ್ದೆ. ಅವರು ಹೇಗೆ ಮಾತಾಡುತ್ತಾರೆ ಎಂದು ಯಾವ ಮಗುವೂ ಕೇಳಿರಲಿಲ್ಲ.

ಮೊದಲ ದಿನವೇ ಅಜ್ಜಿ ನನ್ನ ಮುಖ ನೋಡಿ, "ರಾಮ್" ಎಂದಳು.

ನಾನು ಅವಳ ಕಾಲಿಗೆ ಕ್ರೀಮ್ ಹಚ್ಚುತ್ತಿದ್ದೆ. ತಲೆಯೆತ್ತಿ ನೋಡಿದೆ. "ರಾಮ್," ಎಂದಳು ಮತ್ತೆ, ಸ್ಪಷ್ಟವಾಗಿ. ದಿನಕ್ಕೆ ಇಪ್ಪತ್ತು ಸಲ ಹೇಳುತ್ತಿದ್ದಳು. ಒಮ್ಮೊಮ್ಮೆ ಸಿಟ್ಟಿನಿಂದ, ಒಮ್ಮೊಮ್ಮೆ ಬೇಡುವ ಹಾಗೆ. ಈ ಬಿಳಿ ಅಜ್ಜಿ ರಾಮನಾಮ ಹೇಳುತ್ತಾಳಲ್ಲ ಎಂದು ಬೇರೆ ಯಾರಿಗಾದರೂ ಮೈ ಜುಮ್ಮೆನ್ನುತ್ತಿತ್ತೋ ಏನೋ. ನನಗೆ ಏನೂ ಅನ್ನಿಸಲಿಲ್ಲ. ಇನ್ನೊಂದು ಕಾಲಿಗೂ ಕ್ರೀಮ್ ಹಚ್ಚಿದೆ.

ಅದು ಅವಳ ಗಂಡನ ಹೆಸರಿರಬೇಕೆಂದು ಸೂಪರ್‌ವೈಸರ್ ಊಹಿಸಿದಳು. ಫೈಲ್ ತೆಗೆದು ನೋಡಿದರೆ ಗಂಡನ ಹೆಸರು ಬೇರೆ. ಆಗ ನಮ್ಮಲ್ಲಿದ್ದ ದಕ್ಷಿಣ ಆಫ್ರಿಕಾದ ನರ್ಸನ್ನು ಕರೆದರು. ಅವಳ ಮನೆಮಾತು ಆಫ್ರಿಕಾನ್ಸ್. ಡಚ್ಚರು ಆಫ್ರಿಕಾಕ್ಕೆ ಹೋಗಿ ನೆಲೆಸಿ, ಅವರ ಮಾತು ಅಲ್ಲೇ ಬೆಳೆದು ಬೇರೆಯಾದದ್ದು ಎಂದು ಅವಳೇ ಹೇಳಿದಳು. ಅಜ್ಜಿಯ ಬಾಯಿಯ ಹತ್ತಿರ ಕಿವಿಯಿಟ್ಟು ಕೇಳಿ, "ಫ್ರೇಮ್! ನಮ್ಮಲ್ಲಿ ರಾಮ್ ಅಂದ್ರೆ ಫೋಟೋ ಫ್ರೇಮ್. ಗಂಡನ ಫೋಟೋ ಕೇಳ್ತಿದ್ದಾಳೆ ಪಾಪ," ಎಂದಳು.

ಕಪಾಟಿನಲ್ಲಿದ್ದ ಮದುವೆಯ ಫೋಟೋ ತಂದು ಅಜ್ಜಿಯ ಕೈಗಿಟ್ಟೆವು. ಅವಳು ಅದನ್ನು ನೋಡಿದಳು. ನಮ್ಮನ್ನು ನೋಡಿದಳು. ಫೋಟೋವನ್ನು ಹಾಸಿಗೆಯ ಮೇಲೆ ಬೋರಲು ಹಾಕಿ, ಗೋಡೆಯ ಕಡೆ ತಿರುಗಿಕೊಂಡಳು. ಆ ಮಧ್ಯಾಹ್ನ ಊಟ ಮಾಡಲಿಲ್ಲ. ನೋವಿರಬೇಕೆಂದು ಮಾತ್ರೆ ಕೊಟ್ಟರು.

ಇದಾಗಿ ಎರಡು ವಾರಕ್ಕೆ ಅಜ್ಜಿಯನ್ನು ಕಣ್ಣಿನ ಪರೀಕ್ಷೆಗೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾಯಿತು. ವೀಲ್‌ಚೇರ್ ಹತ್ತಿಸುವ ವ್ಯಾನಿನ ಡ್ರೈವರ್ ಐವತ್ತರ ಆಸುಪಾಸಿನವನು, ನೋಡಿದರೆ ನಮ್ಮವನೇ. ನಾನು ನನ್ನ ಹರಕು ಹಿಂದಿಯಲ್ಲಿ, ಯಾವ ಊರು ಎಂದು ಕೇಳಿದೆ. ಅವನು ಉತ್ತರ ಕೊಟ್ಟ. ಹಿಂದಿಯ ಹಾಗೇ ಇತ್ತು, ಆದರೆ ನಾನು ಎಲ್ಲೂ ಕೇಳಿರದ ಹಿಂದಿ. ನನ್ನ ಮುಖ ನೋಡಿ ನಕ್ಕು ಇಂಗ್ಲಿಷಿಗೆ ತಿರುಗಿದ.

"ಸುರಿನಾಮ್. ದಕ್ಷಿಣ ಅಮೆರಿಕ. ಬ್ರೆಜಿಲ್ ಮೇಲೆ."

"ಅಲ್ಲಿ ಹಿಂದಿಯಾ?"

"ಮನೇಲಿ ನಮ್ದೇ ಒಂಥರಾ ಹಿಂದಿ. ಅಜ್ಜನ ಅಪ್ಪ ಕಲ್ಕತ್ತಾದಲ್ಲಿ ಹಡಗು ಹತ್ತಿದ್ದ, ಕಬ್ಬಿನ ತೋಟಕ್ಕೆ. ಸ್ಕೂಲಿನಲ್ಲಿ, ಆಫೀಸಲ್ಲಿ ಎಲ್ಲ ಡಚ್."

ಅಷ್ಟರಲ್ಲಿ ಹಿಂದಿನಿಂದ ಅಜ್ಜಿ, "ರಾಮ್," ಎಂದಳು.

ಡ್ರೈವರ್ ಹಿಂದಕ್ಕೆ ನೋಡದೆ ಗುಂಡಿ ಒತ್ತಿದ. ಅಜ್ಜಿಯ ಪಕ್ಕದ ಕಿಟಕಿಯ ಗಾಜು ಕೆಳಗಿಳಿಯಿತು. ಗಾಳಿ ನುಗ್ಗಿತು. ಅಜ್ಜಿ ಕಣ್ಣು ಮುಚ್ಚಿ, ಗದ್ದ ಮೇಲೆತ್ತಿ ಕೂತಳು.

"ನೀವು ಯಾಕೆ ತೆಗೆದ್ರಿ?" ಎಂದು ಕೇಳಿದೆ.

"ಅವಳೇ ಹೇಳಿದ್ಳಲ್ಲ. ರಾಮ್ ಅಂದ್ರೆ ಡಚ್‌ನಲ್ಲಿ ಕಿಟಕಿ." ಅವನೇ ಸೇರಿಸಿದ: "ನನ್ನ ಅಜ್ಜಿ ಬೆಳಿಗ್ಗೆ ಎದ್ದು ರಾಮ್ ರಾಮ್ ಅಂತಿದ್ಳು. ನಾನು ಸಣ್ಣವನು, ಸ್ಕೂಲಿಗೆ ಹೋಗಿ ಡಚ್ ಕಲ್ತು ಬಂದವನು, ಓಡಿ ಹೋಗಿ ಕಿಟಕಿ ತೆಗೀತಿದ್ದೆ."

ಅವನು ನಕ್ಕ. ನಾನೂ ನಗಬೇಕಿತ್ತು. ನಾನು ನೆನೆಯುತ್ತಿದ್ದುದು ಮೂಲೆ ಕೋಣೆಯ ಕಿಟಕಿಯನ್ನು. ಏಸಿ ಇದೆ ಎಂದು ಅದಕ್ಕೆ ಬೀಗ ಹಾಕಿದ್ದರು. ಎಷ್ಟು ವಾರ ಅವಳು ಕೇಳಿದ್ದಳು, ನಾವು ಎಷ್ಟು ಮಾತ್ರೆ ಕೊಟ್ಟಿದ್ದೆವು ಎಂದು ಯೋಚಿಸುತ್ತ ಕೂತೆ. ನಾಚಿಕೆಯಾಗಬೇಕಾದ ಜಾಗದಲ್ಲಿ ಬರೀ ಯೋಚನೆ ಇತ್ತು.

ಅದೇ ದಿನ ಬೀಗದ ಕೈ ತರಿಸಿದೆವು. ಸುರಕ್ಷತೆಯ ನಿಯಮದ ಪ್ರಕಾರ ಒಂದು ಗೇಣು ಮಾತ್ರ ತೆರೆಯಬಹುದಿತ್ತು. ಅಜ್ಜಿ ಆ ಗೇಣಿನಲ್ಲಿ ಕೈಯಿಟ್ಟು ಸಂಜೆಯವರೆಗೆ ಕೂತಳು. ಮಾತ್ರೆ ನಿಂತಿತು.

ಆಮೇಲೆ ಡ್ರೈವರ್ ಯಾರನ್ನಾದರೂ ಬಿಡಲು ಬಂದಾಗಲೆಲ್ಲ ಹತ್ತು ನಿಮಿಷ ಅಜ್ಜಿಯ ಹತ್ತಿರ ಕೂರುತ್ತಿದ್ದ. ಅವನು ಕೇಳಿ ಹೇಳಿದ್ದನ್ನು ನಾನು ಒಂದು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಓದುವಾಗ ಇಂಗ್ಲಿಷೇ ಬಾಯಿಗೆ ಬರುತ್ತಿತ್ತು. ಅದಕ್ಕೆ ಕನ್ನಡದಲ್ಲೇ ಬರೆದೆ. ಕೌಟ್ ಅಂದರೆ ಚಳಿ. ಮೂ ಅಂದರೆ ಸುಸ್ತು. ತೇ ಅಂದರೆ ಟೀ. ಖೆನೂಖ್ ಅಂದರೆ ಸಾಕು. ಕೊನೆಯದನ್ನು ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕ ಹಾಗೆ ಹೇಳಬೇಕು.

ಇನ್ನೂ ಎಲ್ಲೆಲ್ಲಿ ಈ ಭಾಷೆ ಇದೆ ಎಂದು ಒಮ್ಮೆ ಕೇಳಿದ್ದಕ್ಕೆ ಅವನು ಪೇಪರ್ ಟವೆಲ್ ಮೇಲೆ ಪೆನ್ನಿನಿಂದ ಚುಕ್ಕೆಯಿಟ್ಟ. ಹಾಲೆಂಡ್. ಬೆಲ್ಜಿಯಮ್ಮಿನ ಮೇಲಿನ ಅರ್ಧ. ಸುರಿನಾಮ್. ವೆನೆಜುವೆಲಾದ ಎದುರಿನ ಪುಟ್ಟ ದ್ವೀಪಗಳು. ದಕ್ಷಿಣ ಆಫ್ರಿಕಾದಲ್ಲಿ ಅದರ ಮಗಳು. ಜಕಾರ್ತಾದಲ್ಲಿ ಕೆಲವು ಮುದುಕರು. ಆಮೇಲೆ ಪೆನ್ನಿನ ತುದಿಯನ್ನು ಅಜ್ಜಿಯ ಕಡೆ ತೋರಿಸಿ, "ಇಲ್ಲೊಂದು ಚುಕ್ಕೆ," ಎಂದ.

"ದಿನಾ ಊಟದ ಹೊತ್ತಿಗೆ ನನ್ನನ್ನ ಏನೋ ಕೇಳ್ತಾಳೆ, ಏನದು?" ಎಂದೆ. ಅವಳು ಹೇಳುವ ಹಾಗೇ ಹೇಳಿ ತೋರಿಸಿದೆ: "ಹೆಪ್ ಯೆ ಅಲ್ ಖೆಖೇತೆ?"

"ಊಟ ಆಯ್ತಾ ಅಂತ ಕೇಳ್ತಾಳೆ. ನಿನ್ನನ್ನ."

ಮೂರು ತಿಂಗಳು ದಿನಾ ಅವಳು ಕೇಳಿದ್ದಳು. ನಾನು ಚಮಚವನ್ನು ಅವಳ ಬಾಯಿಗಿಟ್ಟಿದ್ದೆ. ತುಳುವಿನಲ್ಲಿ ಅದೇ ಮಾತು, "ವಣಸ್ ಆಂಡಾ?" ನನ್ನ ಗಂಡ ಆಫೀಸಿನಿಂದ ದಿನಾ ಫೋನು ಮಾಡಿ ಕೇಳುತ್ತಿದ್ದ ಮಾತು. ನೋಟ್‌ಬುಕ್‌ನಲ್ಲಿ ಡಚ್ಚನ್ನು ಬರೆದು ಎದುರಿಗೆ ತುಳುವಿನಲ್ಲಿ ಅರ್ಥ ಬರೆದೆ. ಮಾರನೆಯ ದಿನ ಅಜ್ಜಿ ಕೇಳಿದಾಗ "ಯಾ" ಎಂದೆ. ಅವಳು ತೃಪ್ತಿಯಿಂದ ಬಾಯಿ ತೆರೆದಳು. ಅಷ್ಟೇ ಆದದ್ದು. ನಿಜ ಹೇಳಬೇಕೆಂದರೆ ಅಂದು ನನ್ನ ಊಟ ಆಗಿರಲಿಲ್ಲ.

ನೋಟ್‌ಬುಕ್ ಒಂದು ಶನಿವಾರ ಮಗಳ ಕೈಗೆ ಸಿಕ್ಕಿತು. ಅವಳಿಗೆ ಆಗ ಹದಿಮೂರು.

"ಈಸ್ ದಿಸ್ ಕನ್ನಡ?"

"ಅಕ್ಷರ ಕನ್ನಡ. ಭಾಷೆ ಡಚ್. ಕೆಲಸದ ಹತ್ರ ಒಬ್ರು ಅಜ್ಜಿ ಇದ್ದಾರೆ, ಅವರಿಗೋಸ್ಕರ."

ಅವಳು ಹಾಳೆ ತಿರುವಿದಳು. ಅವಳಿಗೆ ಕನ್ನಡ ಓದಲು ಬರುವುದಿಲ್ಲ. ಆದರೂ ಕೊನೆಯ ಹಾಳೆಯವರೆಗೂ ನೋಡಿದಳು.

"ಯು ಲರ್ನ್ಟ್ ಎ ಹೋಲ್ ಲ್ಯಾಂಗ್ವೇಜ್ ಫಾರ್ ಎ ಸ್ಟ್ರೇಂಜರ್," ಎಂದಳು. "ಯು ನೆವರ್ ಟಾಟ್ ಮಿ ಡ್ಯಾಡ್ಸ್."

"ಅದು ಕೆಲಸ ಪುಟ್ಟಾ," ಎಂದೆ.

ಅವಳು ನೋಟ್‌ಬುಕ್ ಮೇಜಿನ ಮೇಲಿಟ್ಟು ತನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅದು ಉತ್ತರವಾಗಿರಲಿಲ್ಲ ಎಂದು ನನಗೂ ಗೊತ್ತಿತ್ತು. ನಾನು ಬಟ್ಟೆ ಮಡಚಿದೆ.

ಅಜ್ಜಿಗೆ ಒಬ್ಬಳೇ ಮಗಳು. ಮೆಲ್ಬರ್ನಿನ ವೆರಿಬೀಯಲ್ಲಿದ್ದಳು, ಲೈಬ್ರರಿ ಕೆಲಸದಿಂದ ನಿವೃತ್ತಳಾದ ಎತ್ತರದ ಹೆಂಗಸು. ತಿಂಗಳಿಗೊಮ್ಮೆ ವಿಮಾನದಲ್ಲಿ ಬಂದು ಅಮ್ಮನ ಕೈ ಹಿಡಿದು ಕೂತು ಹೋಗುತ್ತಿದ್ದಳು. ಅವಳಿಗೆ ಡಚ್ ಒಂದಕ್ಷರ ಬರುತ್ತಿರಲಿಲ್ಲ. ಕಿಟಕಿಯ ವಿಷಯ ಹೇಳಿದಾಗ ಅವಳು ಎದ್ದು ಬಾತ್‌ರೂಮಿಗೆ ಹೋದಳು. ಹೊರಗೆ ಬಂದಾಗ ಕಣ್ಣು ಕೆಂಪಾಗಿತ್ತು.

ಆ ವರ್ಷ ಫೆಬ್ರವರಿಯಲ್ಲಿ, ಇಲ್ಲಿನ ಬೇಸಿಗೆ ಮುಗಿಯುವ ಹೊತ್ತಿಗೆ ಅವಳು ಮೆಲ್ಬರ್ನಿನ ಆಚೆ ತುದಿಯ ಸಬರ್ಬಿನಲ್ಲಿ ಒಂದು ಕೇರ್ ಹೋಮ್ ಹುಡುಕಿದಳು. ಅಲ್ಲಿ ಡಚ್ ಮಾತಾಡುವ ಮುದುಕರು ಏಳೆಂಟು ಜನ ಇದ್ದರು. ಅಮ್ಮನನ್ನು ಅಲ್ಲಿಗೆ ಸೇರಿಸುವುದೆಂದು ತೀರ್ಮಾನವಾಯಿತು. ನನ್ನನ್ನು ಕೇಳಿದಳು: "ನೀವು ಜೊತೆಗೆ ಬರ್ತೀರಾ? ವಿಮಾನದಲ್ಲಿ ಅಮ್ಮ ಏನಾದ್ರೂ ಕೇಳಿದ್ರೆ ನನಗೆ ಗೊತ್ತಾಗಲ್ಲ."

ಮೂರು ದಿನ ರಜೆ ಹಾಕಿದೆ. ಮಗಳನ್ನು ಪಕ್ಕದ ಬೀದಿಯ ಬೆಂಗಳೂರಿನ ಆಂಟಿಯ ಮನೆಯಲ್ಲಿ ಬಿಟ್ಟೆ.

"ಏನ್ರೀ, ಡಚ್ ಕಲ್ತ್ಬಿಟ್ರಂತೆ!" ಎಂದರು ಆಂಟಿ. "ಅದಕ್ಕೆ ಪಿಆರ್ ವೀಸಾಗೆ ಪಾಯಿಂಟ್ಸ್ ಏನಾದ್ರೂ ಕೊಡ್ತಾರಾ?"

"ಇಲ್ಲ ಆಂಟಿ, ನಲವತ್ತು ಪದ ಅಷ್ಟೇ."

"ಅಯ್ಯೋ, ನನ್ನ ಮಗನಿಗೆ ಕನ್ನಡದ್ದು ನಲವತ್ತು ಬಂದ್ರೆ ಸಾಕಾಗಿತ್ತು."

ವಿಮಾನ ನಿಲ್ದಾಣಕ್ಕೆ ನಮ್ಮನ್ನು ಬಿಟ್ಟವನು ಅದೇ ಡ್ರೈವರ್. ಬಗ್ಗಿ ಅಜ್ಜಿಗೆ ಏನೋ ಹೇಳಿದ. ಅಜ್ಜಿ ಅವನ ಶರ್ಟಿನ ಕಾಲರ್ ಸರಿಮಾಡಿದಳು.

ಅಜ್ಜಿಯನ್ನು ಹೊಸ ಜಾಗಕ್ಕೆ ಸೇರಿಸುವುದು ಮಾರನೆಯ ದಿನ ಎಂದಿತ್ತು. ಹಾಗಾಗಿ ಆ ಮಧ್ಯಾಹ್ನ ನಾವು ಮೂವರೂ ವೆರಿಬೀಯ ಮನೆಯಲ್ಲಿದ್ದೆವು. ಅಜ್ಜಿ ನಿದ್ದೆ ಮಾಡಿದ್ದಳು. ಅಡುಗೆಮನೆಯಲ್ಲಿ ಅವಳ ಮಗಳು ಟೀ ಮಾಡುತ್ತ, "ಆ ಪದಗಳನ್ನ ನನಗೆ ಕಲಿಸ್ತೀರಾ?" ಎಂದಳು.

ನೋಟ್‌ಬುಕ್ ಕೊಟ್ಟೆ. ತೆರೆದು, ಆಚೆ ಈಚೆ ತಿರುಗಿಸಿ ನೋಡಿದಳು.

"ಇದು ಯಾವ ಅಕ್ಷರ?"

"ನನ್ನ ಅಕ್ಷರ. ನಾನು ಓದ್ತೀನಿ, ನೀವು ಬರ್ಕೊಳ್ಳಿ."

ಹೀಗೆ ಹಾಲೆಂಡಿನವಳ ಮಗಳು ತನ್ನ ತಾಯಿಯ ಭಾಷೆಯನ್ನು ಉಡುಪಿಯವಳ ಬಾಯಿಂದ ಕೇಳಿ ಬರೆದುಕೊಂಡಳು. ನಾನು ಹಳೆಯ ಟೀಚರ್. ತಪ್ಪು ಹೇಳಿದರೆ ಬಿಡಲಿಲ್ಲ. "ಖೆನೂಖ್" ಅವಳ ಗಂಟಲಿಗೆ ಹತ್ತಲೇ ಇಲ್ಲ. ಹತ್ತು ಸಲ ಹೇಳಿಸಿದೆ. ಹನ್ನೊಂದನೆಯ ಸಲ ಪೆನ್ನು ಕೆಳಗಿಟ್ಟಳು.

"ಮನೇಲಿ ಡಚ್ ಮಾತಾಡಬಾರ್ದು ಅಂತ ಅಪ್ಪ ರೂಲ್ ಮಾಡಿದ್ರು," ಎಂದಳು. "ನಾನಾಗ ಕೂಸು. ಬಸ್ಸಿನಲ್ಲಿ ಅಮ್ಮ ನನ್ನ ಹತ್ರ ಏನೋ ಮುದ್ದು ಮಾಡಿ ಮಾತಾಡ್ತಿದ್ರಂತೆ. ಯಾರೋ ಒಬ್ಬ ಎದ್ದು ಬಂದು ಇಂಗ್ಲಿಷ್ ಮಾತಾಡು ಅಂತ ಕೂಗಿದ. ಅವತ್ತು ಮನೆಗೆ ಬಂದು ಬಾಗಿಲು ಹಾಕಿ ರೂಲ್ ಮಾಡಿದ್ದು. ಅಮ್ಮ ಅದನ್ನ ಮುರೀಲೇ ಇಲ್ಲ. ಅಪ್ಪ ಹೋದ ಮೇಲೂ."

"ನಿಮಗೆ ಸಿಟ್ಟಿದೆಯಾ?"

"ಯಾರ ಮೇಲೆ ಸಿಟ್ಟಾಗ್ಲಿ?" ಎಂದಳು. ಪೆನ್ನು ಎತ್ತಿಕೊಂಡು, "ಮತ್ತೆ ಹೇಳಿ ಅದನ್ನ," ಎಂದಳು. ನಾನು ಮತ್ತೆ ಹೇಳಿದೆ.

ಹೊಸ ಕೇರ್ ಹೋಮಿನ ಊಟದ ಹಾಲ್‌ನಲ್ಲಿ ಮರುದಿನ ಅಜ್ಜಿಗೆ ಇಬ್ಬರು ಜೊತೆಗೆ ಸಿಕ್ಕರು. ಒಬ್ಬಳು ಬೆಲ್ಜಿಯಮ್ಮಿನವಳು. ಇನ್ನೊಬ್ಬ ಜಾವಾದಲ್ಲಿ ಹುಟ್ಟಿ, ಇಂಡೋನೇಷ್ಯ ಸ್ವತಂತ್ರವಾದಾಗ ಹುಡುಗನಾಗಿ ಊರು ಬಿಟ್ಟ ಕಂದು ಬಣ್ಣದ ಮುದುಕ. ಇಬ್ಬರೂ ಡಚ್‌ನಲ್ಲಿ ಮಾತಾಡಿಸಿದರು. ಅಜ್ಜಿ ತುಟಿ ಬಿಚ್ಚಲಿಲ್ಲ. ಇಷ್ಟು ದೂರ ತಂದದ್ದು ತಪ್ಪಾಯಿತೇ ಎಂದು ಮಗಳು ನನ್ನ ಮುಖ ನೋಡಿದಳು.

ಮೂರನೆಯ ದಿನ, ನಾನು ಹೊರಡುವ ದಿನ, ಮಧ್ಯಾಹ್ನದ ಸೂಪಿನ ಹೊತ್ತಿಗೆ ಅವಳು ಅಮ್ಮನ ಎದುರು ಕುರ್ಚಿ ಎಳೆದು ಕೂತಳು. ಬರೆದ ಚೀಟಿಯನ್ನು ಮೇಜಿನ ಕೆಳಗೆ ಹಿಡಿದಿದ್ದಳು.

"ಹೆಪ್ ಯೆ ಅಲ್ ಖೆಖೇತೆ, ಮಾಮ್?"

ಅಜ್ಜಿ ಅವಳ ಕಡೆ ತಿರುಗಿದಳು. ಮೊದಲು ಉಚ್ಚಾರ ತಿದ್ದಿದಳು. "ಖೆಖೇತೆ," ಎಂದಳು ನಿಧಾನವಾಗಿ, ಗಂಟಲಿನಿಂದ. ಆಮೇಲೆ, "ನೇ," ಎಂದಳು. ಆಮೇಲೆ, "ಯೈ?"

ಮಗಳು ಗಾಬರಿಯಿಂದ ನನ್ನ ಕಡೆ ತಿರುಗಿದಳು. ಅದು ನನ್ನ ನಲವತ್ತು ಪದಗಳಲ್ಲಿ ಇರಲಿಲ್ಲ.

ಜಾವಾದ ಮುದುಕ ಪಕ್ಕದ ಮೇಜಿನಿಂದ ಇಂಗ್ಲಿಷಿನಲ್ಲಿ ಹೇಳಿದ: "ಇಲ್ಲ ಅಂತಿದ್ದಾಳೆ. ನೀನು? ಅಂತ ಕೇಳ್ತಿದ್ದಾಳೆ."

ಅರವತ್ತು ದಾಟಿದ ಆ ಹೆಂಗಸು ಅಮ್ಮನ ಚಮಚ ತೆಗೆದುಕೊಂಡು ಒಂದು ಗುಟುಕು ಸೂಪು ತಾನೇ ಕುಡಿದಳು. ಅಜ್ಜಿಗೆ ನಗು ಬಂತು. ಹಲ್ಲಿಲ್ಲದ ಬಾಯಿ ಪೂರ್ತಿ ತೆರೆದು ನಕ್ಕಳು. ಬೆಲ್ಜಿಯಮ್ಮಿನವಳು ಏನೋ ಅಂದಳು, ಅಜ್ಜಿ ತಿರುಗಿ ಏನೋ ಅಂದಳು. ಆಮೇಲೆ ಅವರ ಮಾತು ನಿಲ್ಲಲಿಲ್ಲ.

ನಾನು ಬಾಗಿಲ ಹತ್ತಿರ ಬ್ಯಾಗು ಹಿಡಿದು ನಿಂತಿದ್ದೆ. ಅಜ್ಜಿ ಈ ಕಡೆ ನೋಡಲಿಲ್ಲ. ನನಗೆ ಬೇಜಾರಾಗಬೇಕಿತ್ತು, ಇಲ್ಲ ಸಂತೋಷವಾಗಬೇಕಿತ್ತು. ವಿಮಾನಕ್ಕೆ ಎಷ್ಟು ಹೊತ್ತಿದೆ ಎಂದು ನೋಡಿಕೊಂಡೆ.

ಸಿಡ್ನಿಗೆ ಬಂದ ಮೇಲೆ ಒಂದು ಕೆಲಸ ಮಾಡಿದೆ. ಬೆಳಿಗ್ಗೆ ಮಗಳನ್ನು ಎಬ್ಬಿಸುವಾಗ ತುಳುವಿನಲ್ಲಿ ಎಬ್ಬಿಸಿದೆ. "ಲಕ್ಕ್ ಮಗಾ, ಪೊರ್ತಾಂಡ್." ಏಳು, ಹೊತ್ತಾಯಿತು ಎಂದು. ಅಕ್ಕನ ಫೋನು ಬಿಟ್ಟರೆ ಎಷ್ಟೋ ಕಾಲದ ಮೇಲೆ ನನ್ನ ಬಾಯಿಂದ ಬಂದ ತುಳು ನನಗೇ ಬೇರೆಯವರ ದನಿಯ ಹಾಗೆ ಕೇಳಿಸಿತು. ಅವಳು ಒಂದು ಕಣ್ಣು ತೆರೆದು ನೋಡಿ, "ಫೈವ್ ಮಿನಿಟ್ಸ್," ಎಂದಳು. ಅರ್ಥವಾಗಿದೆ ಎಂದಾಯಿತು. ಈಗಲೂ ಹಾಗೇ ನಡೆದಿದೆ. ನಾನು ತುಳು, ಅವಳು ಇಂಗ್ಲಿಷ್. ಅಪ್ಪನ ಬಗ್ಗೆ ನಾವಿನ್ನೂ ಮಾತಾಡಿಲ್ಲ.

ವೆರಿಬೀಯವಳು ಆಗಾಗ ವಾಯ್ಸ್ ಮೆಸೇಜ್ ಕಳಿಸುತ್ತಿದ್ದಳು. ಜಾವಾದ ಮುದುಕ ವಾರಕ್ಕೆ ಎರಡು ದಿನ ಅವಳಿಗೆ ಪಾಠ ಹೇಳುತ್ತಿದ್ದನಂತೆ. ಮೊದಮೊದಲು ನನಗೆ ಅರ್ಥವಾಗುವ ಪದಗಳಿದ್ದವು. ಆಮೇಲೆ ವಾಕ್ಯಗಳು ಬಂದವು. ಜೂನ್ ಹೊತ್ತಿಗೆ ಅವಳ ಡಚ್ ನನಗೆ ಅರ್ಧವೂ ತಿಳಿಯುತ್ತಿರಲಿಲ್ಲ. ಹೆಬ್ಬೆರಳಿನ ಚಿತ್ರ ಕಳಿಸುತ್ತಿದ್ದೆ.

ಜುಲೈಯಲ್ಲಿ, ಇಲ್ಲಿನ ಚಳಿಗಾಲದ ನಡುವೆ ಅಜ್ಜಿ ತೀರಿಕೊಂಡಳು. ನಿದ್ದೆಯಲ್ಲಿ, ನ್ಯುಮೋನಿಯಾ. ಅಂತ್ಯಸಂಸ್ಕಾರವನ್ನು ಆನ್‌ಲೈನಿನಲ್ಲಿ ನೋಡಲು ಲಿಂಕ್ ಕಳಿಸಿದ್ದರು. ನಾನು ಊಟದ ವಿರಾಮದಲ್ಲಿ ಸ್ಟಾಫ್ ರೂಮಿನಲ್ಲಿ ಕೂತು ನೋಡಿದೆ. ಹದಿನೈದು ಜನ ಇದ್ದರು. ಅಜ್ಜಿಯ ಮಗಳು ಮೈಕಿನ ಮುಂದೆ ನಿಂತು ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಚೀಟಿಯಿಲ್ಲದೆ ಡಚ್‌ನಲ್ಲಿ ಮಾತಾಡಿದಳು. ಮೂರು ನಿಮಿಷ ಇರಬಹುದು. ಮುಂದಿನ ಸಾಲಿನಲ್ಲಿ ಜಾವಾದ ಮುದುಕ ಪ್ರತಿ ವಾಕ್ಯಕ್ಕೂ ತಲೆಯಾಡಿಸುತ್ತಿದ್ದ. ಅವಳು ಏನು ಹೇಳಿದಳೋ ನನಗೆ ತಿಳಿಯಲಿಲ್ಲ. ಆದರೆ ಎಲ್ಲೂ ತಡವರಿಸಲಿಲ್ಲ.

ವಿರಾಮ ಮುಗಿಯಲು ಏಳು ನಿಮಿಷ ಇತ್ತು. ಡಬ್ಬಿಯಲ್ಲಿದ್ದ ಮೊಸರನ್ನ ತಿಂದೆ. ಕೈ ತೊಳೆದು, ಏಪ್ರನ್ ಕಟ್ಟಿಕೊಂಡು ಹಾಲ್‌ಗೆ ಹೋದೆ. ಮೊನ್ನೆಯಷ್ಟೇ ಬಂದ ಮಾಲ್ಟಾ ದೇಶದ ಮುದುಕ ಶೇವ್ ಮಾಡಿಸಿಕೊಳ್ಳಲು ಒಪ್ಪದೆ ಎರಡು ಕೈಯಲ್ಲೂ ಗಲ್ಲ ಮುಚ್ಚಿಕೊಂಡು ಕೂತಿದ್ದ. ಕುರ್ಚಿ ಎಳೆದುಕೊಂಡು ಅವನ ಎದುರಿಗೆ ಕೂತೆ.